ಆಶಾ ಕಾರ್ಯಕರ್ತೆಯರಿಗೆ ಎಚ್‌ಪಿವಿ ಲಸಿಕೆ ಬಗ್ಗೆ ತರಬೇತಿ ಎಲ್ಲಿಂದ ಶುರು ಮಾಡಲಿ?

ನಿಮ್ಮ ಪಿಎಚ್‌ಸಿಯ ಆಶಾ ಕಾರ್ಯಕರ್ತೆಯರಿಗೆ ಗರ್ಭಕಂಠದ (ಗರ್ಭಕೋಶದ ಬಾಯಿಯ) ಕ್ಯಾನ್ಸರ್ ಮತ್ತು ಅದನ್ನು ತರುವ ಎಚ್‌ಪಿವಿ ವೈರಸ್ ತಡೆಯುವ ಲಸಿಕೆ ಬಗ್ಗೆ ಒಂದೇ ಮಧ್ಯಾಹ್ನದಲ್ಲಿ ಏನು ಹೇಳಲಿ ಅಂತ ಕೇಳಿದ್ದೀರಿ. ಕೆಲವು ವರ್ಷಗಳಿಂದ ಈ ತರಬೇತಿ ಕೊಡುತ್ತಿದ್ದೇನೆ. ವೈರಸ್ಸಿನ ಚಿತ್ರದಿಂದ ಶುರು ಮಾಡಬೇಡಿ. ಮೊದಲು ಅವರ ಭಯ ಕೇಳಿ.

ಮೊದಲ ಸಲ ನಾನು ಸ್ಲೈಡುಗಳನ್ನೆಲ್ಲ ತೋರಿಸಿದೆ. ಎಲ್ಲರೂ ತಲೆಯಾಡಿಸಿದರು. ಟೀ ಹೊತ್ತಿಗೆ ಒಬ್ಬರು ಹತ್ತಿರ ಬಂದು, "ಮೇಡಂ, ಈ ಇಂಜೆಕ್ಷನ್ ಹಾಕಿಸಿದರೆ ಮುಂದೆ ಮಕ್ಕಳಾಗಲ್ವಂತೆ. ನನ್ನ ಮಗಳಿಗೆ ಹಾಕಿಸಲಾ?" ಅಂದರು. ಸ್ವಂತ ಮಗಳ ವಿಷಯದಲ್ಲೇ ಅನುಮಾನ ಇದ್ದರೆ ಬೇರೆಯವರ ಮನೆಯಲ್ಲಿ ಹೇಗೆ ಹೇಳುತ್ತಾರೆ? ಮಕ್ಕಳಾಗುವುದಕ್ಕೆ ಇದರಿಂದ ತೊಂದರೆ ಇಲ್ಲ. ಇದರಲ್ಲಿ ಜೀವಂತ ವೈರಸ್ ಇಲ್ಲ, ಅದರ ಹೊರಪದರದ ಪ್ರೋಟೀನ್ ಮಾತ್ರ. ಇದನ್ನು ಸ್ಪಷ್ಟವಾಗಿ ಹೇಳಿ.

2010ರ ವಿಷಯವನ್ನೂ ಮುಚ್ಚಿಡಬೇಡಿ. ಆಗಿನ ಆಂಧ್ರದ ಖಮ್ಮಂ ಮತ್ತು ಗುಜರಾತಿನ ವಡೋದರದಲ್ಲಿ ಪ್ರಾಯೋಗಿಕ ಯೋಜನೆಯೊಂದರಲ್ಲಿ ಈ ಲಸಿಕೆ ಪಡೆದವರಲ್ಲಿ ಏಳು ಹುಡುಗಿಯರು ತೀರಿಕೊಂಡರು, ಯೋಜನೆ ನಿಂತಿತು. ಸಾವುಗಳಿಗೆ ಲಸಿಕೆ ಕಾರಣವಲ್ಲ ಎಂದು ತನಿಖೆ ಹೇಳಿತು. ಒಬ್ಬಳಿಗೆ ಹಾವು ಕಚ್ಚಿತ್ತು, ಇನ್ನೊಬ್ಬಳು ನೀರಲ್ಲಿ ಮುಳುಗಿದ್ದಳು. ಆದರೆ ಎಷ್ಟೋ ಕಡೆ ಅಪ್ಪ ಅಮ್ಮನ ಬದಲು ಹಾಸ್ಟೆಲ್ ವಾರ್ಡನ್ ಸಹಿ ಹಾಕಿದ್ದರು. ಅದು ನಿಜಕ್ಕೂ ತಪ್ಪು. ಹಾಗಾಗಿ ತಾಯಿಗೆ ಅರ್ಥವಾಗುವಂತೆ ಹೇಳಿ ಒಪ್ಪಿಗೆ ಪಡೆಯುವುದನ್ನು ನಾನು ಜಾಸ್ತಿ ಹೊತ್ತು ಅಭ್ಯಾಸ ಮಾಡಿಸುತ್ತೇನೆ. ಆಗ ಭಾರತದಲ್ಲೇ ನಡೆಯುತ್ತಿದ್ದ ಇನ್ನೊಂದು ಅಧ್ಯಯನವೂ ಅರ್ಧಕ್ಕೆ ನಿಂತು, ಸಾವಿರಾರು ಹುಡುಗಿಯರಿಗೆ ಒಂದೇ ಡೋಸ್ ಸಿಕ್ಕಿತ್ತು. ಹತ್ತು ವರ್ಷ ಗಮನಿಸಿದಾಗ ಅವರಿಗೂ ಒಳ್ಳೆಯ ರಕ್ಷಣೆ ಕಂಡುಬಂತು. 2022ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ 9ರಿಂದ 20 ವರ್ಷದವರಿಗೆ ಒಂದು ಡೋಸ್ ಕೊಟ್ಟರೂ ಆಗುತ್ತದೆ ಎಂದಿತು.

"ಇಷ್ಟು ಚಿಕ್ಕವರಿಗೆ ಯಾಕೆ?" ಅಂತ ಕೇಳುವವರು ಇದ್ದೇ ಇರುತ್ತಾರೆ. ದಡಾರ ಬರುವ ಮೊದಲೇ ದಡಾರದ ಲಸಿಕೆ ಹಾಕಿಸುತ್ತೇವೆ, ಅಲ್ವಾ? ಹಾಗೇ ಇದೂ. ಈ ವೈರಸ್ ಲೈಂಗಿಕ ಸಂಪರ್ಕದಿಂದ ಹರಡುತ್ತದೆ, ಅದಕ್ಕಿಂತ ಮುಂಚೆ ಕೊಟ್ಟರೆ ಫಲ ಹೆಚ್ಚು. ಮುಖ್ಯ ಗುರಿ 9ರಿಂದ 14 ವರ್ಷ.

ಲಸಿಕೆ ಹುಡುಗಿಯರಿಗಾಯಿತು, ಅವರ ಅಮ್ಮಂದಿರಿಗೆ? ಈ ಕ್ಯಾನ್ಸರ್‌ಗಳಲ್ಲಿ ಸುಮಾರು 70% ಎಚ್‌ಪಿವಿ 16 ಮತ್ತು 18 ಎಂಬ ಎರಡು ಬಗೆಗಳಿಂದ ಬರುತ್ತವೆ, ಕ್ಯಾನ್ಸರ್ ಆಗಲು ಎಷ್ಟೋ ವರ್ಷ ಹಿಡಿಯುತ್ತದೆ. ಅಷ್ಟರಲ್ಲಿ ಹಿಡಿದುಬಿಡಬಹುದು. 30 ದಾಟಿದವರಿಗೆ ಐದು ವರ್ಷಕ್ಕೊಮ್ಮೆ ವಿಐಎ ತಪಾಸಣೆ ಇದೆ. ಗರ್ಭಕೋಶದ ಬಾಯಿಗೆ ತೆಳು ಅಸಿಟಿಕ್ ಆಮ್ಲ ಹಚ್ಚಿ, ಬಿಳಿ ಮಚ್ಚೆ ಕಾಣುತ್ತದಾ ಅಂತ ನೋಡುತ್ತಾರೆ, ಅಷ್ಟೇ. ಮುಟ್ಟು ನಿಂತ ಮೇಲೆ ರಕ್ತ ಹೋದರೆ, ವಾಸನೆಯ ಬಿಳಿ ಸೆರಗು ಇದ್ದರೆ ಕಾಯದೆ ಕಳಿಸಲು ಹೇಳಿ.

ಸಾಧ್ಯವಾದರೆ ಅದೇ ದಿನ ಬೇಕೆನ್ನುವ ಆಶಾ ಅಕ್ಕಂದಿರಿಗೂ ವಿಐಎ ಮಾಡಿಸಿ. ಸಿಸ್ಟರ್‌ಗೆ ಮೊದಲೇ ಹೇಳಿಟ್ಟು, ಪರದೆ ಇರುವ ಕೋಣೆ ನೋಡಿಕೊಳ್ಳಿ.