ಓದುಗರ ಪ್ರಶ್ನೆ, ನಮ್ಮ ಉತ್ತರ: ಕುರ್ಚಿ ಬದಲಾದರೆ ಮಾತೂ ಬದಲು

ಕಳೆದ ಸಂಚಿಕೆಯಲ್ಲಿ ಟಿ.ವಿ. ಚರ್ಚೆಗಳ ಬಗ್ಗೆ ಪ್ರಕಟವಾದ ಚಿಕ್ಕ ಟಿಪ್ಪಣಿಗೆ ಉತ್ತರ ಕನ್ನಡ ಜಿಲ್ಲೆಯ ಓದುಗರಿಂದ ನಿರೀಕ್ಷೆ ಮೀರಿ ಪತ್ರಗಳು ಬಂದಿವೆ. ಹೆಚ್ಚಿನವು ಒಂದೇ ಸಂಗತಿಯ ಸುತ್ತ ಇರುವುದರಿಂದ, ಅಡಿಕೆಯ ಕೊಳೆರೋಗ ಮತ್ತು ಬಸ್ ವೇಳಾಪಟ್ಟಿಯ ಪ್ರಶ್ನೆಗಳನ್ನು ಮುಂದಿನ ಸಲಕ್ಕೆ ಇರಿಸಿ, ಮಾಧ್ಯಮಗಳಿಗೂ ಪಕ್ಷಗಳಿಗೂ ಸಂಬಂಧಿಸಿದ ಐದು ಪತ್ರಗಳನ್ನಷ್ಟೇ ಈ ಸಲ ಎತ್ತಿಕೊಂಡಿದ್ದೇವೆ.

ಪ್ರಶ್ನೆ: 2017ರ ಡಿಸೆಂಬರಿನಲ್ಲಿ ನಮ್ಮೂರಿನ ಯುವಕನೊಬ್ಬನ ಶವ ಶೆಟ್ಟಿಕೆರೆಯಲ್ಲಿ ಸಿಕ್ಕಾಗ ವಾಹಿನಿಗಳು ಹಗಲಿರುಳೂ ಅದನ್ನೇ ತೋರಿಸಿದವು. ಐದು ವರ್ಷದ ಮೇಲೆ ಸಿಬಿಐ ಅದನ್ನು ಆಕಸ್ಮಿಕ ಸಾವು ಎಂದಿತು. ಅಂದು ಕೂಗಿದವರು ಇಂದು ಸುಮ್ಮನಿರುವುದೇಕೆ? ತಪ್ಪು ಪಕ್ಷಗಳದ್ದೋ, ಮಾಧ್ಯಮದ್ದೋ?
(ಕಿರಾಣಿ ವ್ಯಾಪಾರಿ, ಹೊನ್ನಾವರ)

ಉತ್ತರ: ಇಬ್ಬರದೂ ಹೌದು, ಆದರೆ ಇಬ್ಬರ ತಪ್ಪೂ ಒಂದೇ ಬಗೆಯದಲ್ಲ. ಡಿಸೆಂಬರ್ 6ರ ಕೋಮು ಗಲಭೆಯ ನಂತರ ಕಾಣೆಯಾಗಿದ್ದ ಯುವಕನ ಶವ ಎರಡು ದಿನಗಳಲ್ಲಿ ಕೆರೆಯಲ್ಲಿ ಸಿಕ್ಕಿತು. ಚಿತ್ರಹಿಂಸೆ ಕೊಟ್ಟು ಕೊಂದಿದ್ದಾರೆಂಬ ಮಾತು ಆ ಹೊತ್ತಿಗಾಗಲೇ ಊರೂರಿಗೆ ಹಬ್ಬಿತ್ತು. ಶವಪರೀಕ್ಷೆ ನಡೆಸಿದ ವೈದ್ಯರ ಉತ್ತರಗಳನ್ನು ಪೊಲೀಸರು ಬಿಡುಗಡೆ ಮಾಡಿ ಆ ಮಾತನ್ನು ಅಲ್ಲಗಳೆದರೂ ಯಾರೂ ಕಿವಿಗೊಡಲಿಲ್ಲ. ಕುಮಟಾದಲ್ಲಿ ಹಿರಿಯ ಪೊಲೀಸ್ ಅಧಿಕಾರಿ ಐಜಿಪಿಯವರ ವಾಹನಕ್ಕೇ ಬೆಂಕಿ ಬಿತ್ತು, ಶಿರಸಿಯ ಬಂದ್ ಕಲ್ಲುತೂರಾಟದಲ್ಲಿ ಮುಗಿಯಿತು. ವಿಧಾನಸಭೆಯ ಚುನಾವಣೆಗೆ ಆಗ ಆರು ತಿಂಗಳೂ ಉಳಿದಿರಲಿಲ್ಲ. ಜಿಲ್ಲೆಯ 6 ಕ್ಷೇತ್ರಗಳ ಪೈಕಿ 2013ರಲ್ಲಿ ಒಂದನ್ನಷ್ಟೇ ಗೆದ್ದಿದ್ದ ಬಿಜೆಪಿ 2018ರಲ್ಲಿ ನಾಲ್ಕನ್ನು ಗೆದ್ದಿತು. ಆ ಸಾವೊಂದೇ ಇದಕ್ಕೆ ಕಾರಣವೆಂದರೆ ಮತದಾರರನ್ನು ಹಗುರವಾಗಿ ಕಂಡಂತಾಗುತ್ತದೆ. ಆದರೆ ಪ್ರಚಾರಸಭೆಗಳಲ್ಲಿ ಆ ಹೆಸರು ಎಷ್ಟು ಸಲ ಕೇಳಿಬಂತೆಂಬುದನ್ನು ಕರಾವಳಿಯ ಯಾರೂ ಮರೆತಿರಲಾರರು.

ಈಗ ಸಿಬಿಐಯನ್ನೇ ಹಿಡಿದು ನೋಡೋಣ. ಪಕ್ಷಗಳ ನಿಜವಾದ ಬಣ್ಣ ಅಲ್ಲಿ ಕಾಣಿಸುತ್ತದೆ. ಸಿಬಿಐ ತನಿಖೆಗೆ ಪಟ್ಟು ಹಿಡಿದದ್ದು ಬಿಜೆಪಿ. ಪ್ರಕರಣವನ್ನು ಸಿಬಿಐಗೆ ಒಪ್ಪಿಸಿದ್ದು ಕಾಂಗ್ರೆಸ್ ಸರ್ಕಾರ. 2022ರ ಅಕ್ಟೋಬರಿನಲ್ಲಿ ಸಿಬಿಐ ತನಿಖೆ ಮುಗಿಸಿ ಹೊನ್ನಾವರದ ನ್ಯಾಯಾಲಯಕ್ಕೆ ವರದಿ ಸಲ್ಲಿಸಿದಾಗ ದಿಲ್ಲಿಯಲ್ಲೂ ಬೆಂಗಳೂರಿನಲ್ಲೂ ಬಿಜೆಪಿಯದೇ ಸರ್ಕಾರವಿತ್ತು. ಹಾಗಿದ್ದರೂ ತಾವೇ ಕೇಳಿ ಪಡೆದ ತನಿಖೆಯ ಫಲವನ್ನು ಆ ಪಕ್ಷದ ಕೆಲವು ನಾಯಕರು ಒಪ್ಪಲಿಲ್ಲ; ಆರಂಭದಲ್ಲೇ ಹಿಂದಿನ ಸರ್ಕಾರ ಸಾಕ್ಷ್ಯ ನಾಶ ಮಾಡಿತ್ತೆಂದರು. ಅತ್ತ ಕಾಂಗ್ರೆಸಿಗರು ಅದೇ ವರದಿಯನ್ನು ಎತ್ತಿ ಹಿಡಿದು, ಬಿಜೆಪಿ ಕ್ಷಮೆ ಕೇಳಬೇಕೆಂದು ಒತ್ತಾಯಿಸಿದರು. ನ್ಯಾಯವಾದ ಒತ್ತಾಯವೇ. ಆದರೆ ಸಿಬಿಐ ಕೇಂದ್ರ ಸರ್ಕಾರದ ಕೈಗೊಂಬೆ ಎನ್ನುವುದು ಉಳಿದ ದಿನಗಳಲ್ಲಿ ಅದೇ ಕಾಂಗ್ರೆಸ್ಸಿನ ಮಾತು. 2024ರ ಸೆಪ್ಟೆಂಬರಿನಲ್ಲಿ ರಾಜ್ಯದ ಕಾಂಗ್ರೆಸ್ ಸರ್ಕಾರ, ಪ್ರತಿ ಪ್ರಕರಣಕ್ಕೂ ಬೇರೆಬೇರೆ ಅನುಮತಿ ಕೇಳದೆ ತನಿಖೆ ನಡೆಸಲು ಸಿಬಿಐಗೆ ನೀಡಿದ್ದ ಸಾಮಾನ್ಯ ಸಮ್ಮತಿಯನ್ನೇ ಹಿಂಪಡೆಯಿತು. ಇನ್ನೂ ಹಿಂದಕ್ಕೆ ಹೋದರೆ, 2013ರ ಮೇ ತಿಂಗಳಲ್ಲಿ ಕಲ್ಲಿದ್ದಲು ಹಗರಣದ ವಿಚಾರಣೆಯ ವೇಳೆ ಸುಪ್ರೀಂ ಕೋರ್ಟು ಸಿಬಿಐಯನ್ನು ‘ಪಂಜರದ ಗಿಳಿ’ ಎಂದು ಕರೆದಾಗ ಪಂಜರ ಕಾಂಗ್ರೆಸ್ ನೇತೃತ್ವದ ಸರ್ಕಾರದ ಕೈಯಲ್ಲಿತ್ತು, ಆ ಮಾತನ್ನು ಊರೆಲ್ಲ ಸಾರಿದ್ದು ಬಿಜೆಪಿ. ಗಿಳಿ ಅದೇ, ಪಂಜರವೂ ಅದೇ. ಹಿಡಿದವರು ಬದಲಾದಂತೆ ಬೈಯುವವರೂ ಹೊಗಳುವವರೂ ಜಾಗ ಬದಲಿಸಿಕೊಂಡರು.

ಇನ್ನು ಮಾಧ್ಯಮದ ತಪ್ಪು. ಅಂದು ಹೇಳಿದ ಸುಳ್ಳಿಗಿಂತ, ಮುಂದೆ ಕೈಬಿಟ್ಟ ಸತ್ಯವೇ ದೊಡ್ಡ ತಪ್ಪೆಂಬುದು ನನ್ನ ಅಭಿಪ್ರಾಯ. ಗಲಭೆಯ ದಿನಗಳಲ್ಲಿ ವರದಿಗಾರನಿಗೆ ಸಿಗುವುದು ಅರೆಬರೆ ಮಾಹಿತಿ; ಆಗ ಆಗುವ ತಪ್ಪಿಗೆ ಒಂದಷ್ಟು ರಿಯಾಯಿತಿ ಕೊಡಬಹುದು. ಐದು ವರ್ಷದ ಮೇಲೆ ವರದಿ ಕೈಗೆ ಬಂದಾಗ ಯಾವ ಅವಸರವೂ ಇರಲಿಲ್ಲ. ಅಂದು ಮುಖಪುಟದಲ್ಲಿ ‘ಕೊಲೆ’ ಎಂದು ಬರೆದವರು ‘ನಾವು ಹೀಗೆ ಬರೆದಿದ್ದೆವು, ತನಿಖೆ ಹೀಗೆ ಹೇಳುತ್ತಿದೆ’ ಎಂಬ ಎರಡು ಸಾಲನ್ನು ಅದೇ ಜಾಗದಲ್ಲಿ ಅಚ್ಚು ಹಾಕಬಹುದಿತ್ತು. ಬಹುತೇಕರು ಅದನ್ನು ಕಾಂಗ್ರೆಸ್–ಬಿಜೆಪಿ ಜಟಾಪಟಿಯ ಸುದ್ದಿಯನ್ನಾಗಿ ಮಾಡಿ ಮುಗಿಸಿದರು. ತಾವೂ ಆ ಕಥೆಯ ಪಾತ್ರಧಾರಿಗಳೆಂಬುದನ್ನು ಮರೆತೇಬಿಟ್ಟರು. ಮಗನನ್ನು ಕಳೆದುಕೊಂಡ ಮನೆಯವರಂತೂ ಎರಡೂ ಸಲ ಕ್ಯಾಮೆರಾದ ಮುಂದೆ ನಿಲ್ಲಬೇಕಾಯಿತು.

ಪ್ರಶ್ನೆ: ಪಶ್ಚಿಮಘಟ್ಟದ ಸಂರಕ್ಷಣೆ ಕುರಿತ ಕಸ್ತೂರಿರಂಗನ್ ವರದಿಯ ವಿಷಯದಲ್ಲಿ ಎಲ್ಲ ಪಕ್ಷದವರೂ ಮಲೆನಾಡಿನ ರೈತರ ಪರ ಎನ್ನುತ್ತಾರೆ. ಹಾಗಿದ್ದರೆ ಅಧಿಸೂಚನೆಯನ್ನು ಹೊರಡಿಸುವವರು ಯಾರು? ನಾವು ತೋಟ ಬಿಟ್ಟು ಪ್ರತಿಭಟನೆಗೆ ಹೋಗುವುದು ಯಾರ ವಿರುದ್ಧ?
(ಅಡಿಕೆ ಬೆಳೆಗಾರರು, ಶಿರಸಿ)

ಉತ್ತರ: ತಮ್ಮ ಪ್ರಶ್ನೆಯಲ್ಲಿಯೇ ಉತ್ತರ ಅಡಗಿದೆ. ವರದಿ ಬಂದದ್ದು 2013ರಲ್ಲಿ. ಮೊದಲ ಕರಡು ಅಧಿಸೂಚನೆ 2014ರ ಮಾರ್ಚಿನಲ್ಲಿ, ಮನಮೋಹನ್ ಸಿಂಗ್ ಸರ್ಕಾರದ ಕಡೆಯ ದಿನಗಳಲ್ಲಿ ಹೊರಬಿತ್ತು. ಆಮೇಲಿನ ಕರಡುಗಳೆಲ್ಲ ಮೋದಿ ಸರ್ಕಾರದ ಕಾಲದವು, ಆರನೆಯದು 2024ರ ಜುಲೈ 31ರದ್ದು. ಕರ್ನಾಟಕದ ಪಾಲಿಗೆ ಸೂಚಿಸಿರುವ ಪರಿಸರ ಸೂಕ್ಷ್ಮ ಪ್ರದೇಶ 20,668 ಚದರ ಕಿಲೋಮೀಟರ್. ಇದನ್ನು ಬೊಮ್ಮಾಯಿಯವರ ಬಿಜೆಪಿ ಸರ್ಕಾರವೂ ವಿರೋಧಿಸಿತು, 2024ರಲ್ಲಿ ಸಿದ್ದರಾಮಯ್ಯನವರ ಸಂಪುಟವೂ ತಿರಸ್ಕರಿಸಿತು. ಅಂದರೆ ದಿಲ್ಲಿಯಲ್ಲಿ ಕರಡು ಹೊರಡಿಸುವ ಪಕ್ಷವೇ ಶಿರಸಿಯಲ್ಲಿ ಅದರ ವಿರುದ್ಧ ಭಾಷಣ ಮಾಡುತ್ತದೆ. ದಿಲ್ಲಿಯಲ್ಲಿ ಪರಿಸರದ ಪರವಾಗಿ ಮಾತಾಡುವ ಪಕ್ಷವೇ ವಿಧಾನಸೌಧದಲ್ಲಿ ವರದಿ ಬೇಡವೆನ್ನುತ್ತದೆ. ಕರಡಿಗೆ ಇಂತಿಷ್ಟು ದಿನಗಳ ಅವಧಿ. ಅದು ಮುಗಿಯುವುದು, ಮತ್ತೊಂದು ಬರುವುದು, ಸಭೆ, ಮನವಿಪತ್ರ, ಮತ್ತೆ ಅದೇ.

ವರದಿ ಸರಿಯೋ ತಪ್ಪೋ ಎಂಬುದು ಬೇರೆಯೇ ಚರ್ಚೆ, ಅದಕ್ಕೆ ಈ ಅಂಕಣ ಸಾಲದು. ಆದರೆ ನಮ್ಮ ಪತ್ರಿಕೋದ್ಯಮದ ಒಂದು ಚಾಳಿಯನ್ನು ಇಲ್ಲಿ ಹೇಳಲೇಬೇಕು. ಒಂದೇ ಪತ್ರಿಕೆಯ ಬೆಂಗಳೂರಿನ ಸಂಪಾದಕೀಯ ಘಟ್ಟ ಉಳಿಯಬೇಕೆಂದು ಮರುಗುತ್ತದೆ. ಅದೇ ಪತ್ರಿಕೆಯ ಜಿಲ್ಲಾ ಪುಟ ‘ಎತ್ತಂಗಡಿಯ ಭೀತಿ’ ಎಂದು ದಪ್ಪಕ್ಷರದಲ್ಲಿ ಹೆದರಿಸುತ್ತದೆ. ವರದಿಯಲ್ಲಿ ನಿಷೇಧವಾಗುವುದು ಗಣಿಗಾರಿಕೆ, ಕಲ್ಲುಕ್ವಾರಿ, ಉಷ್ಣ ವಿದ್ಯುತ್ ಸ್ಥಾವರ ಮತ್ತು ದೊಡ್ಡ ಕಟ್ಟಡಗಳಂಥವು ಎಂಬುದನ್ನು ತಮ್ಮ ಊರಿನ ಹೆಸರಿನೊಂದಿಗೆ ಶಾಂತವಾಗಿ ಬಿಡಿಸಿ ಹೇಳಿದ ಪುಟ ತಮಗೆ ಎಷ್ಟು ಸಲ ಸಿಕ್ಕಿದೆ? ಓದುಗನಿಗೆ ಬೇಕಾದುದನ್ನು ಕೊಡುವುದಕ್ಕೂ ಓದುಗನಿಗೆ ಹಿತವೆನಿಸುವುದನ್ನು ಕೊಡುವುದಕ್ಕೂ ವ್ಯತ್ಯಾಸವಿದೆ. ಎರಡನೆಯದೂ ಪಕ್ಷಪಾತವೇ, ಆದರೆ ಅದು ಓದುಗನ ಕಡೆಗೇ ವಾಲಿರುವುದರಿಂದ ಯಾರೂ ದೂರುವುದಿಲ್ಲ.

ಪ್ರಶ್ನೆ: ಶಿರೂರು ಗುಡ್ಡ ಕುಸಿದಾಗ ಮಲಯಾಳಂ ವಾಹಿನಿಗಳು ವಾರಗಟ್ಟಲೆ ನಮ್ಮ ಹೆದ್ದಾರಿಯಲ್ಲಿ ಬೀಡುಬಿಟ್ಟವು. ಸತ್ತವರಲ್ಲಿ ನಮ್ಮವರೂ ಇದ್ದರಲ್ಲ, ನಮ್ಮ ವಾಹಿನಿಗಳಿಗೆ ಅದು ಕಾಣಲಿಲ್ಲವೇ?
(ನಿವೃತ್ತ ಶಿಕ್ಷಕಿ, ಅಂಕೋಲಾ)

ಉತ್ತರ: ತಮ್ಮ ನೋವು ಅರ್ಥವಾಗುತ್ತದೆ, ಮೇಡಂ. 2024ರ ಜುಲೈ 16ರಂದು ಗುಡ್ಡ ಕುಸಿದಾಗ ಹೆದ್ದಾರಿ ಬದಿಯ ಚಹಾದಂಗಡಿಯ ಕುಟುಂಬವೇ ಹೋಯಿತು. ಗಂಗಾವಳಿಯ ನೀರು ಉಕ್ಕಿ ಆಚೆ ದಡದ ಉಳುವರೆಯಲ್ಲಿ ಮನೆಗಳು ನಾಶವಾದವು, ಜೀವವೂ ಹೋಯಿತು. ಕೇರಳದ ಲಾರಿ ಚಾಲಕನ ಹುಡುಕಾಟ ಮಾತ್ರ ಸೆಪ್ಟೆಂಬರ್ 25ರಂದು ಲಾರಿ ನದಿಯಿಂದ ಮೇಲೆ ಬರುವವರೆಗೂ ಆ ರಾಜ್ಯದಲ್ಲಿ ಮನೆಮಾತಾಗಿತ್ತು. ಇದನ್ನು ಮಲಯಾಳಂ ವಾಹಿನಿಗಳ ಪಕ್ಷಪಾತವೆನ್ನಲು ನನಗೆ ಮನಸ್ಸಿಲ್ಲ; ತಮ್ಮೂರಿನ ಮನುಷ್ಯನನ್ನು ಅವರು ಬಿಟ್ಟುಕೊಡಲಿಲ್ಲ, ಅಷ್ಟೆ. ಅವರ ಒತ್ತಡವಿಲ್ಲದಿದ್ದರೆ ಗೋವಾದಿಂದ ಹೂಳೆತ್ತುವ ಯಂತ್ರ ಗಂಗಾವಳಿಗೆ ಬರುತ್ತಿತ್ತೇ ಎಂಬ ಅನುಮಾನ ನನಗಿದೆ. ನಮ್ಮ ರಾಜಕಾರಣಿಗಳ ಮಟ್ಟಿಗೆ, ಹೆದ್ದಾರಿ ಕೇಂದ್ರದ್ದು ಎಂದು ಒಂದು ಕಡೆಯವರು, ಪರಿಹಾರಕಾರ್ಯ ರಾಜ್ಯದ್ದು ಎಂದು ಇನ್ನೊಂದು ಕಡೆಯವರು ಬೆರಳು ತೋರಿಸುವುದರಲ್ಲಿ ಮಳೆಗಾಲ ಕಳೆಯಿತು. ಚತುಷ್ಪಥಕ್ಕಾಗಿ ಗುಡ್ಡವನ್ನು ನೆಟ್ಟಗೆ ಕಡಿದ ವರ್ಷಗಳಲ್ಲಿ ಇಬ್ಬರೂ ಸರದಿಯ ಮೇಲೆ ಅಧಿಕಾರದಲ್ಲಿದ್ದರು.

ಪ್ರಶ್ನೆ: ತಾಳಮದ್ದಳೆಯಲ್ಲಿ ಒಬ್ಬರೇ ಅರ್ಥಧಾರಿ ಇಂದು ವಾಲಿಯಾಗಿ ರಾಮನನ್ನು ಜರೆಯುತ್ತಾರೆ, ನಾಳೆ ರಾಮನಾಗಿ ವಾಲಿಯ ಬಾಯಿ ಮುಚ್ಚಿಸುತ್ತಾರೆ. ಪಕ್ಷಗಳ ವಕ್ತಾರರೂ ಹಾಗೆಯೇ ಅಲ್ಲವೇ? ಪಕ್ಷಗಳು ಪರಸ್ಪರ ಜಗಳವಾಡದೆ ಒಂದಾಗಿರುವ ವಿಷಯಗಳೇ ಇಲ್ಲವೇ?
(ಪತ್ರಿಕೋದ್ಯಮ ವಿದ್ಯಾರ್ಥಿ, ಕಾರವಾರ)

ಉತ್ತರ: ಹೋಲಿಕೆ ಚೆನ್ನಾಗಿದೆ, ಆದರೆ ಅರ್ಥಧಾರಿಗಳಿಗೆ ಅನ್ಯಾಯ ಮಾಡಬೇಡಿ. ಇಂದು ಯಾರು ಯಾವ ಪಾತ್ರವೆಂಬುದು ಅಲ್ಲಿ ಕರಪತ್ರದಲ್ಲೇ ಅಚ್ಚಾಗಿರುತ್ತದೆ, ಪ್ರೇಕ್ಷಕ ತಿಳಿದೇ ಕೂತಿರುತ್ತಾನೆ.

ಒಂದಾಗುವ ವಿಷಯಗಳು ಇವೆ, ಪತ್ರಿಕೋದ್ಯಮ ಕಲಿಯುವವರು ಅವುಗಳನ್ನೇ ಮೊದಲು ಹುಡುಕಬೇಕು. 2013ರ ಜೂನ್ 3ರಂದು ಕೇಂದ್ರ ಮಾಹಿತಿ ಆಯೋಗವು ಕಾಂಗ್ರೆಸ್, ಬಿಜೆಪಿ, ಸಿಪಿಐ, ಸಿಪಿಎಂ, ಎನ್‌ಸಿಪಿ, ಬಿಎಸ್‌ಪಿ ಈ ಆರೂ ಪಕ್ಷಗಳು ಮಾಹಿತಿ ಹಕ್ಕು ಕಾಯ್ದೆಯ ವ್ಯಾಪ್ತಿಗೆ ಬರುತ್ತವೆಂದು ಆದೇಶಿಸಿತು. ಒಂದು ಪಕ್ಷವೂ ಪಾಲಿಸಲಿಲ್ಲ. ಅದೇ ಆಗಸ್ಟಿನಲ್ಲಿ, ಪಕ್ಷಗಳನ್ನು ಕಾಯ್ದೆಯಿಂದ ಹೊರಗಿಡುವ ತಿದ್ದುಪಡಿ ಮಸೂದೆ ಲೋಕಸಭೆಯಲ್ಲಿ ಮಂಡನೆಯಾಯಿತು. ಚುನಾವಣಾ ಬಾಂಡಿನ ವಿರುದ್ಧ ಸುಪ್ರೀಂ ಕೋರ್ಟಿಗೆ ಹೋದ, ಬಾಂಡಿನ ಹಣ ಮುಟ್ಟದ ಸಿಪಿಎಂ ಕೂಡ ಈ ವಿಷಯದಲ್ಲಿ ಉಳಿದವರ ಜೊತೆಗೇ ನಿಂತಿತು.

ಎರಡನೆಯದು ಇನ್ನೂ ಸೊಗಸು. ವಿದೇಶಿ ಮೂಲದ ಕಂಪನಿಯೊಂದರ ಸಮೂಹದಿಂದ ದೇಣಿಗೆ ಪಡೆದು ಕಾಂಗ್ರೆಸ್ ಮತ್ತು ಬಿಜೆಪಿ ಎರಡೂ ವಿದೇಶಿ ವಂತಿಗೆ ಕಾನೂನನ್ನು ಉಲ್ಲಂಘಿಸಿವೆಯೆಂದು 2014ರ ಮಾರ್ಚಿನಲ್ಲಿ ದಿಲ್ಲಿ ಹೈಕೋರ್ಟು ತೀರ್ಪು ನೀಡಿತು. 2016ರ ಹಣಕಾಸು ಕಾಯ್ದೆಯಲ್ಲಿ ಅಂಥ ದೇಣಿಗೆ ವಿದೇಶಿಯೆನಿಸದಂತೆ ಆ ಕಾನೂನಿನ ವ್ಯಾಖ್ಯೆಯನ್ನೇ 2010ರಿಂದ ಪೂರ್ವಾನ್ವಯವಾಗುವಂತೆ ಬದಲಿಸಲಾಯಿತು. ಅಷ್ಟೂ ಸಾಲದೆಂದು 2018ರಲ್ಲಿ ಅದನ್ನು 1976ಕ್ಕೆ ಒಯ್ಯಲಾಯಿತು. ನಲವತ್ತೆರಡು ವರ್ಷ ಹಿಂದಕ್ಕೆ! ಲೋಕಸಭೆಯಲ್ಲಿ ಆ ವರ್ಷದ ಹಣಕಾಸು ಮಸೂದೆ ಗದ್ದಲದ ನಡುವೆ ಚರ್ಚೆಯೇ ಇಲ್ಲದೆ ಅಂಗೀಕಾರವಾಯಿತು. ಅಂದು ರಾತ್ರಿ ನಾನು ನೋಡಿದ ಯಾವ ವಾಹಿನಿಯಲ್ಲಿಯೂ ಈ ವಿಷಯಕ್ಕೆ ನಾಲ್ಕು ಜನ ಕೂತು ಕೂಗಾಡಲಿಲ್ಲ. ಕೂಗಾಟಕ್ಕೆ ಎರಡು ಕಡೆ ಬೇಕು. ಇಲ್ಲಿ ಇದ್ದದ್ದು ಒಂದೇ ಕಡೆ.

ಮೂರನೆಯದು ಮಾಧ್ಯಮದ ಹೊಟ್ಟೆಪಾಡಿಗೆ ನೇರ ಸಂಬಂಧಿಸಿದ್ದು. ಸರ್ಕಾರಿ ಜಾಹೀರಾತುಗಳಲ್ಲಿ ರಾಷ್ಟ್ರಪತಿ, ಪ್ರಧಾನಿ ಮತ್ತು ಮುಖ್ಯ ನ್ಯಾಯಮೂರ್ತಿಗಳನ್ನು ಬಿಟ್ಟು ಬೇರೆ ಅಧಿಕಾರಸ್ಥರ ಭಾವಚಿತ್ರ ಇರಕೂಡದೆಂದು 2015ರ ಮೇ 13ರಂದು ಸುಪ್ರೀಂ ಕೋರ್ಟು ಹೇಳಿತ್ತು. ತೀರ್ಪನ್ನು ಮರುಪರಿಶೀಲಿಸಬೇಕೆಂದು ಹೋದವರಲ್ಲಿ ಆಗಿನ ನಮ್ಮ ಕಾಂಗ್ರೆಸ್ ಸರ್ಕಾರವೂ ಇತ್ತು, ಕೇಂದ್ರದ ಬಿಜೆಪಿ ಸರ್ಕಾರವೂ ಇತ್ತು. 2016ರ ಮಾರ್ಚ್ 18ರಂದು ಮುಖ್ಯಮಂತ್ರಿಗಳ, ಮಂತ್ರಿಗಳ ಚಿತ್ರಕ್ಕೂ ಅನುಮತಿ ಸಿಕ್ಕಿತು. ವಿಧಾನಸೌಧದ ಮುಂದೆ ಕೇಂದ್ರದ ಮಲತಾಯಿ ಧೋರಣೆಯೆಂದು ಕೂಗುವವರೂ, ರಾಜ್ಯದ ದುಂದುವೆಚ್ಚವೆಂದು ಕೂಗುವವರೂ ನಮ್ಮ ತೆರಿಗೆಯ ಹಣದಲ್ಲಿ ತಮ್ಮ ಮುಖ ಅಚ್ಚು ಹಾಕಿಸಿಕೊಳ್ಳುವ ಹಕ್ಕಿಗಾಗಿ ಒಂದೇ ಪಂಕ್ತಿಯಲ್ಲಿ ಕೂತರು. ಆ ಪೂರ್ಣಪುಟದ ಚಿತ್ರಗಳನ್ನು ಹಣ ಪಡೆದು ಅಚ್ಚು ಹಾಕುವವರು ಪತ್ರಿಕೆಯವರಾದ ನಾವು. ಮಾಲೀಕರು ಯಾವ ಪಕ್ಷದವರೆಂದು ವಿಚಾರಿಸುವುದು ಒಳ್ಳೆಯದೇ, ಆದರೆ ಅಷ್ಟಕ್ಕೇ ನಿಲ್ಲಬೇಡಿ. ಮಾಲೀಕನಿಗೆ ಯಾವ ಒಲವೂ ಇಲ್ಲದ ಪತ್ರಿಕೆಯೂ ಜಾಹೀರಾತಿನ ಬಿಲ್ಲು ಪಾವತಿಯಾಗುವವರೆಗೆ ಸರ್ಕಾರದ ಮುಂದೆ ಮೆತ್ತಗಿರುತ್ತದೆ. ಸರ್ಕಾರ ಯಾವ ಪಕ್ಷದ್ದಾದರೂ ಈ ಲೆಕ್ಕ ಬದಲಾಗುವುದಿಲ್ಲ.

ಪ್ರಶ್ನೆ: ಬೇರೆಯವರ ಬಗ್ಗೆ ಬಹಳ ಬರೆಯುತ್ತೀರಿ. 2017ರ ಡಿಸೆಂಬರಿನ ಗಲಭೆಯ ಬಗ್ಗೆ ತಮ್ಮದೇ ಪತ್ರಿಕೆ ಏನು ಬರೆದಿತ್ತೆಂಬುದು ನೆನಪಿದೆಯೇ? ಆ ಸಂಚಿಕೆ ನನ್ನ ಹತ್ತಿರ ಇದೆ.
(ನಿವೃತ್ತ ಗ್ರಂಥಪಾಲಕರು, ಕುಮಟಾ)

ಉತ್ತರ: ನೆನಪಿದೆ, ರಾಯರೇ. ಹೊನ್ನಾವರದ ಪತ್ರವನ್ನು ಮೊದಲಿಗೆ ಇಡುವಾಗ ತಮ್ಮಂಥವರ ಪತ್ರ ಬಂದೇ ಬರುತ್ತದೆಂಬ ಅಳುಕು ಇತ್ತು. ನಮ್ಮ ಶೀರ್ಷಿಕೆಯ ಕೊನೆಯಲ್ಲಿ ಒಂದು ಪ್ರಶ್ನಾರ್ಥಕ ಚಿಹ್ನೆ ಇತ್ತು. ಆ ಚಿಹ್ನೆಯ ಮರೆಯಲ್ಲಿ ನಿಂತು, ನಾವು ಏನನ್ನೂ ಖಚಿತವಾಗಿ ಹೇಳಲಿಲ್ಲವೆಂದು ಸಮಾಧಾನ ಪಟ್ಟುಕೊಂಡಿದ್ದೆವು; ಓದುವವರು ಮಾತ್ರ ಚಿಹ್ನೆಯನ್ನು ಬಿಟ್ಟು ಶಬ್ದಗಳನ್ನಷ್ಟೇ ಓದಿದರು. ವೈದ್ಯರ ಉತ್ತರಗಳು ಆ ಸಂಚಿಕೆ ಅಚ್ಚಿಗೆ ಹೋಗುವ ಮೊದಲೇ ನಮಗೆ ಸಿಕ್ಕಿದ್ದವು, ಅವುಗಳಿಗೆ ಕೊಟ್ಟದ್ದು ಕೊನೆಯ ಪ್ಯಾರಾ. 2022ರ ಅಕ್ಟೋಬರಿನಲ್ಲಿ ನಾವೂ ಜಟಾಪಟಿಯ ಸುದ್ದಿಯನ್ನೇ ಹಾಕಿದೆವು. ನಮ್ಮ ಹಳೆಯ ಶೀರ್ಷಿಕೆಯ ಪ್ರಸ್ತಾಪ ಅದರಲ್ಲಿರಲಿಲ್ಲ. ಕಚೇರಿಯ ಕಪಾಟಿನಲ್ಲಿ ಆ ವರ್ಷದ ಸಂಚಿಕೆಗಳ ಕಟ್ಟಿಗೆ ಗೆದ್ದಲು ಹಿಡಿದಿದೆ. ತಮ್ಮ ಪ್ರತಿಯನ್ನು ಸ್ಪೀಡ್ ಪೋಸ್ಟಿನಲ್ಲಿ ಕಳುಹಿಸಿದರೆ ಅಂಚೆವೆಚ್ಚ ನಮ್ಮದು. ಆ ಪುಟದ ಚಿತ್ರವನ್ನೂ ಸಿಬಿಐ ವರದಿಯ ಸಾರವನ್ನೂ ಮುಂದಿನ ಸಂಚಿಕೆಯ ಮೂರನೆಯ ಪುಟದಲ್ಲಿ, ಅಂದರೆ ಅಂದು ಆ ಲೇಖನ ಬಂದ ಜಾಗದಲ್ಲೇ, ಅಕ್ಕಪಕ್ಕ ಪ್ರಕಟಿಸುತ್ತೇವೆ.