ಊರ ಹಳೆ ರುದ್ರಭೂಮಿ ಇತಿಹಾಸ ಬರೀಬೇಕು, ಕಲ್ಲಿನ ಅಕ್ಷರ ಕಾಣಾಕ ಆಸಿಡ್ ಹಾಕಬೇಕೋ ತಂತಿ ಬ್ರಷ್ ಹಚ್ಚಬೇಕೋ?

ಎರಡೂ ಬ್ಯಾಡ್ರಿ ಅಣ್ಣಾರ. ನಿಮ್ಮ ಪ್ರಶ್ನೆ ಓದಿ ಹೊಟ್ಯಾಗ ಕಲಸಿದಂಗಾತು, ನಾನೂ ಹಿಂಗ ಹೊಂಟಾಂವ.

ಮುಧೋಳ ಕಡೆ ನಮ್ಮ ಹಳ್ಳಿ. ಹಳ್ಳದ ದಂಡಿಗೆ ರುದ್ರಭೂಮಿ, ಜಾಲಿಕಂಟಿ ಕಡದು ಒಳಗ ಹೋದ್ರ ಅಕ್ಷರ ಇದ್ದ ಕಲ್ಲು ಒಂದ ಒಂದು. 'ಕಾಳಯುಕ್ತಿ ನಾಮ ಸಂವತ್ಸರ' ಅನ್ನೂದು ಚೊಲೋ ಕಾಣತಿತ್ತು, ಕೆಳಗ ಶಕೆ ಅಂತ ಬರದು ನಾಕು ಅಂಕಿ, ಅವಕ್ಕ ಕಲ್ಲುಹೂವು ಹತ್ತಿತ್ತು. ಪಾಯಖಾನಿ ತೊಳಿಯೂ ಆಸಿಡ್ ತಂದು ಸುರುವಿದೆ. ಬುಸ್ ಅಂತ ಬಿಳಿ ನೊರಿ ಎದ್ದಿತು, ಹೊಲಸು ಬಿಡಾಕತ್ತೈತಿ ಅಂತ ನಾನು ಖುಷಿ. ಅದು ಹೊಲಸಲ್ರೀ, ಕಲ್ಲೇ ಕರಗಾಕತ್ತಿತ್ತು! ನಮ್ಮ ಬಾಗಲಕೋಟಿ ಕಡೆ ಬಾಳ ಕಲ್ಲು ಸುಣ್ಣಕಲ್ಲು, ಸಿಮೆಂಟ್ ಫ್ಯಾಕ್ಟರಿ ಸುಮ್ನ ಬಂದಿಲ್ಲ ಇಲ್ಲಿ, ಸುಣ್ಣಕಲ್ಲಿಗೆ ಆಸಿಡ್ ಬಿತ್ತಂದ್ರ ನೊರಿ ಆಗಿ ಹೋಗೂದು ಅಕ್ಷರಾನ. ಸಾಲದ್ದಕ್ಕ ಮ್ಯಾಲ ತಂತಿ ಬ್ರಷ್‌ಲೆ ತಿಕ್ಕಿದೆ. ನೀರು ಹಾಕಿ ನೋಡಿದ್ರ ಅಂಕಿ ಇದ್ದ ಜಾಗ ಬೋಳು, ಬೆರಳಿಗೆ ಬಿಳಿ ಹಿಟ್ಟು.

ಸಂವತ್ಸರದ ಹೆಸರು ಉಳೀತಲ್ಲ ಅಂತೀರಿ? ಅದು 60 ವರ್ಷಕ್ಕೊಮ್ಮೆ ತಿರುಗಿ ಬರತೈತಿ. ಕಾಳಯುಕ್ತಿ 1858ಕ್ಕೂ ಬಂದೈತಿ, 1918ಕ್ಕೂ ಬಂದೈತಿ. ಶಕೆಗೆ 78 ಕೂಡಿಸಿದ್ರ ಇಸವಿ ಬರತೈತಿ. ಶಕೆ 1780 ಇದ್ರ ಹಲಗಲಿ ಬೇಡರು ಬ್ರಿಟಿಷರ ಮ್ಯಾಲ ಬಂಡೆದ್ದ ಮರುವರ್ಷ, 1840 ಇದ್ರ ಇನ್‌ಫ್ಲುಯೆಂಜಾ ಬಂದು ಮಂದಿ ಸತ್ತ ವರ್ಷ. ಊರಾಗ ಎಲ್ಲಾರೂ ಹಲಗಲಿ ಶೂರನ ಸಮಾಧಿ ಅಂತಾರ, ನನಗ ಬ್ಯಾನಿದು ಅನಸತೈತಿ, ಆದ್ರ ತೋರಸಾಕ ಕೈಯಾಗ ಏನೈತಿ? ಎರಡನೇ ಅಂಕಿ ಏಳೋ ಎಂಟೋ ಅಷ್ಟು ಕಂಡಿದ್ರ ಸಾಕಿತ್ತು.

ಬರೇ ನೀರು, ಮೆತ್ತನ ಹಲ್ಲುಜ್ಜೂ ಬ್ರಷ್. ಸಂಜಿ ಬಿಸಲು ಅಡ್ಡ ಬೀಳುವಾಗ ಫೋಟೋ ತಗೀರಿ, ಇಲ್ಲಾ ರಾತ್ರಿ ಮೊಬೈಲ್ ಟಾರ್ಚ್ ಕಲ್ಲಿನ ಮಗ್ಗಲಕ್ಕ ಹಿಡೀರಿ, ಅಕ್ಷರದ ತಗ್ಗಿನ್ಯಾಗ ನೆರಳು ಕುಂದರತೈತಿ.

ಖರೇ ಹೇಳಬೇಕಂದ್ರ ಕಲ್ಲಿನ ಬೆನ್ನು ಹತ್ತೂದೇ ತಪ್ಪು. ನಮ್ಮ ಲಿಂಗಾಯತರಾಗ ಹೆಣಾ ಕುಂದರಿಸಿ, ಅಂಗೈಯಾಗ ಲಿಂಗ ಇಟ್ಟು, ಇಬತ್ತಿ ಹಾಕಿ ಮಣ್ಣು ಕೊಡತಾರ, ಗದ್ದಿಗಿ ಕಟ್ಟೂದು ಸ್ವಾಮಿಗೋಳಿಗೆ, ಉಳದವರಿಗೆ ಕಲ್ಲೆಲ್ಲಿ ಬಂತು? ಕುಣಿ ತೋಡೂ ಅಜ್ಜನ ಕೂಡ ಒಂದಿನ ಅಡ್ಡಾಡ್ರಿ. ನಮ್ಮೂರ ಅಜ್ಜ ಬಡಗ ಮಗ್ಗಲ ಒಂದು ಜಾಗಾದಾಗ ಗುದ್ದಲಿನ ಹಾಕೂದಿಲ್ಲ, ಅಲ್ಲಿ ಒಂದೊಂದು ಕುಣ್ಯಾಗ ಮೂರ್ನಾಕು ಮಂದಿ ಅದಾರ ಅಂತ ಅವರಪ್ಪ ಹೇಳಿದ್ನಂತ. ಆ ಕಲ್ಲಿರೂದು ಅದರ ಬಾಜೂಕ.