ಡಿಸ್ಟಿಲೇಶನ್ ಪ್ರಯೋಗದಲ್ಲಿ ಕಾಲಮ್ ದಕ್ಷತೆ 100% ದಾಟಿದ್ದೇಕೆ?

10 ಟ್ರೇ ಕಾಲಮ್, ಎಥನಾಲ್-ನೀರು, ಟೋಟಲ್ ರಿಫ್ಲಕ್ಸ್ (ಮೇಲೆ ತಣಿದ ದ್ರವವನ್ನೆಲ್ಲ ಕಾಲಮ್‌ಗೇ ಮರಳಿಸುವುದು). ದಕ್ಷತೆ (ಲೆಕ್ಕದಲ್ಲಿ ಬರುವ ಆದರ್ಶ ಹಂತಗಳನ್ನು ನಿಜವಾದ ಟ್ರೇಗಳಿಂದ ಭಾಗಿಸಿದ್ದು) 100% ದಾಟಿದೆ, ತಪ್ಪೆಲ್ಲಿ ಎಂದು ಕೇಳಿದ್ದೀರಿ.

ನನ್ನ ಮೊದಲ ಅನುಮಾನ, ಬೆಳಕು ಎಷ್ಟು ಬಾಗುತ್ತದೆ (ವಕ್ರೀಭವನ ಸೂಚ್ಯಂಕ) ಎಂದು ಅಳೆಯುವ ರಿಫ್ರಾಕ್ಟೋಮೀಟರ್ ಮೇಲೆ. ಎಥನಾಲ್ ಹೆಚ್ಚಿದಂತೆ ವಕ್ರೀಭವನ ಸೂಚ್ಯಂಕ ಏರುತ್ತದೆ ನಿಜ, ಆದರೆ ತೂಕದಲ್ಲಿ ಸುಮಾರು 80% ಆದಮೇಲೆ ಮತ್ತೆ ಇಳಿಯುತ್ತದೆ. 20 ಡಿಗ್ರಿಯಲ್ಲಿ 1.361ರ ಆಸುಪಾಸಿನ ರೀಡಿಂಗ್ ಅರ್ಧಕ್ಕರ್ಧ ಮಿಶ್ರಣಕ್ಕೂ ಬರುತ್ತದೆ, ಶುದ್ಧ ಎಥನಾಲ್‌ಗೂ ಬರುತ್ತದೆ! ಕಾಲಮ್‌ನ ಮೇಲ್ತುದಿಯ ಸ್ಯಾಂಪಲ್ ಸಿಕ್ಕಿಬೀಳುವುದು ಸರಿಯಾಗಿ ಈ ಜಾಗದಲ್ಲೇ. ಅದನ್ನು ಮುಚ್ಚಿದ ಬಾಟಲಿಯಲ್ಲಿ ತಣಿಸಿ, ಸ್ಪೆಸಿಫಿಕ್ ಗ್ರಾವಿಟಿ ಬಾಟಲಿಯಿಂದ ಸಾಂದ್ರತೆ ಅಳೆಯಿರಿ.

ಇನ್ನೊಂದು, ತೂಕದಲ್ಲಿ 95.6% ಹತ್ತಿರ ಅಜಿಯೋಟ್ರೋಪ್ (ಆವಿ ಮತ್ತು ದ್ರವ ಎರಡರಲ್ಲೂ ಎಥನಾಲ್ ಪ್ರಮಾಣ ಒಂದೇ ಆಗುವ ಮಿಶ್ರಣ) ಇದೆ. ಅಲ್ಲಿ ಸಮತೋಲನ ರೇಖೆ 45 ಡಿಗ್ರಿ ರೇಖೆಗೆ ಬಹುತೇಕ ಅಂಟಿಕೊಂಡಿರುವುದರಿಂದ ಮೆಕೇಬ್-ಥೀಲೆ ಮೆಟ್ಟಿಲುಗಳು (ಹಂತಗಳನ್ನು ಎಣಿಸಲು ಗ್ರಾಫಿನಲ್ಲಿ ಈ ಎರಡು ರೇಖೆಗಳ ನಡುವೆ ಎಳೆಯುವವು) ಇರುವೆ ಹೆಜ್ಜೆಯಷ್ಟಾಗುತ್ತವೆ. ಅಳತೆಯಲ್ಲಿ 1% ತಪ್ಪಿದರೂ ಹಲವು ಹಂತಗಳು ಸುಮ್ಮನೆ ಸೇರಿಕೊಳ್ಳುತ್ತವೆ. ಸಾಪೇಕ್ಷ ಬಾಷ್ಪಶೀಲತೆ (ನೀರಿಗಿಂತ ಎಥನಾಲ್ ಎಷ್ಟು ಸುಲಭವಾಗಿ ಆವಿಯಾಗುತ್ತದೆ ಎಂಬುದು) ಇಷ್ಟು ಬದಲಾಗುವಾಗ, ಅದು ಸ್ಥಿರ ಎಂದುಕೊಂಡು ಹಂತ ಲೆಕ್ಕಹಾಕುವ ಫೆನ್ಸ್ಕೆ ಸಮೀಕರಣವನ್ನಂತೂ ನಂಬಬೇಡಿ.

ಮೆಟ್ಟಿಲುಗಳ ಎಣಿಕೆಯಿಂದ ರೀಬಾಯ್ಲರ್ (ಕೆಳಗೆ ದ್ರವ ಕುದಿಸುವ ಪಾತ್ರೆ) ಕಳೆದಿದ್ದೀರಾ? ಅದೂ ಒಂದು ಹಂತ. 7 ಮೆಟ್ಟಿಲು ಬಂದರೆ 6/10, ಅಂದರೆ 60%. ವೈವಾದಲ್ಲಿ ಇದನ್ನು ಕೇಳಿಯೇ ಕೇಳುತ್ತಾರೆ.

ಮತ್ತೆ, ಮೇಲಿನ ಥರ್ಮಾಮೀಟರ್ ಅಲುಗಾಡದೆ ನಿಲ್ಲುವವರೆಗೆ ಸ್ಯಾಂಪಲ್ ತೆಗೆಯಬೇಡಿ.